ಸಿಲಿಂಡರಿನೊಳಗೆ ಎಣ್ಣೆ: ಬಂದದ್ದು ಯಾವ ದಾರಿಯಿಂದ?

2024 ಏಪ್ರಿಲ್ 13, ಶನಿವಾರ

ಚಳಿಗಾಲವಿಡೀ ಟ್ರೈಲರ್ ಮೇಲೆ ನಿಂತಿದ್ದ ಟೂ-ಸ್ಟ್ರೋಕ್ ಸೀ-ಡೂ, ಅಂದರೆ ನೀರಿನ ಮೇಲೆ ಓಡುವ ಸ್ಕೂಟರ್; ರೋಟಾಕ್ಸ್ 717 ಎಂಜಿನ್. ತುಂಬಿಸಿಟ್ಟಿದ್ದ ಆಯಿಲ್ ಟ್ಯಾಂಕ್ ಈಗ ಮುಕ್ಕಾಲಿಗೆ ಇಳಿದಿದೆ, ಎಂಜಿನ್ ಕೆಳಗೆ ಒಂದು ತೊಟ್ಟೂ ಬಿದ್ದಿಲ್ಲ. ಹೊರಗೆ ಸೋರಿಲ್ಲವೆಂದರೆ ಒಳಗೆ ಇಳಿದಿದೆ.

ಇಂಥ ಗಾಡಿಯ ಸ್ಟಾರ್ಟ್ ಬಟನ್ ಮುಟ್ಟಲೇಬಾರದು. ಎಣ್ಣೆ ಗಾಳಿಯ ಹಾಗೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ನಿಂತ ಎಣ್ಣೆಗೆ ಎಂಜಿನ್ ತಿರುಗಿದ ಜೋರು ತಾಗಿದರೆ ಬಾಗುವುದು ಕನೆಕ್ಟಿಂಗ್ ರಾಡ್. ಮೊದಲು ಎರಡೂ ಪ್ಲಗ್ ಬಿಚ್ಚಿ, ಪ್ಲಗ್ ವೈರುಗಳನ್ನು ಗ್ರೌಂಡ್ ಮಾಡಿ, ತೂತುಗಳ ಮೇಲೆ ದಪ್ಪ ಬಟ್ಟೆ ಹಾಸಿ, ಎರಡೆರಡು ಸೆಕೆಂಡಿನಂತೆ ತಿರುಗಿಸಬೇಕು. ಚಿಮ್ಮಿದ್ದನ್ನು ಟಿಶ್ಯೂ ಕಾಗದಕ್ಕೆ ಒತ್ತಿ ನೋಡಿ: ಪೆಟ್ರೋಲ್ ಆದರೆ ಬೇಗ ಆರಿಹೋಗುತ್ತದೆ, ಆಗ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ತಡೆಯುವ ನೀಡಲ್ ನೋಡಬೇಕು. ನೀರು ಬೆರೆತಿದ್ದರೆ ಹಾಲಿನ ಬಣ್ಣ. ಇವತ್ತಿನದು ಶುದ್ಧ ಎಣ್ಣೆ. ಹೆಚ್ಚು ಬಂದದ್ದು ಒಂದೇ ಸಿಲಿಂಡರಿನಿಂದ, ಅದನ್ನು ಬರೆದಿಟ್ಟುಕೊಂಡದ್ದಾಯಿತು. ಕಂಪ್ರೆಶನ್ ಗೇಜ್ ಹಾಕುವುದು ಆಮೇಲೆ. ಒಳಗೆ ಎಣ್ಣೆಯಿದ್ದಾಗ ಅದು ಸುಳ್ಳು ಹೆಚ್ಚು ತೋರಿಸುತ್ತದೆ.

ಈ ಎಂಜಿನ್ನಿಗೆ ಎಣ್ಣೆ ಎರಡು ದಾರಿಯಲ್ಲಿ ಬರುತ್ತದೆ. ಸಣ್ಣ ಹೋಸ್ ಫಿಲ್ಟರ್ ಮೂಲಕ ಆಯಿಲ್ ಪಂಪಿಗೆ, ಅಲ್ಲಿಂದ ಇನ್‌ಟೇಕಿಗೆ. ದಪ್ಪ ಹೋಸುಗಳು ಹೋಗುವುದು ಒಂದು ಗೂಡಿಗೆ: ಎರಡೂ ಸಿಲಿಂಡರುಗಳ ಕ್ರ್ಯಾಂಕ್‌ಕೇಸುಗಳ (ಕ್ರ್ಯಾಂಕ್ ತಿರುಗುವ ಕೋಣೆಗಳ) ನಡುವೆ, ರೋಟರಿ ವಾಲ್ವಿನ (ತಿರುಗುತ್ತ ಇನ್‌ಟೇಕನ್ನು ತೆರೆದು ಮುಚ್ಚುವ ಡಿಸ್ಕಿನ) ಗೇರ್ ಇರುವ ಜಾಗ. ಟ್ಯಾಂಕ್ ಎತ್ತರದಲ್ಲಿರುವುದರಿಂದ ಎಂಜಿನ್ ನಿಂತಿದ್ದರೂ ಈ ಗೂಡಿನಲ್ಲಿ ಎಣ್ಣೆಯ ಭಾರ ಇದ್ದೇ ಇರುತ್ತದೆ. ಅಲ್ಲಿನ ಕ್ರ್ಯಾಂಕ್ ಸೀಲ್ ಸವೆದರೆ ಎಣ್ಣೆ ತಿಂಗಳುಗಟ್ಟಲೆ ಮೆಲ್ಲಗೆ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ, ಎಂಜಿನ್ನಿನ ಮೊದಲ ಸುತ್ತಿಗೆ ಟ್ರಾನ್ಸ್‌ಫರ್ ಪೋರ್ಟುಗಳೆಂಬ ದಾರಿಗಳಿಂದ ಸಿಲಿಂಡರಿಗೆ ಮೇಲೇರುತ್ತದೆ. ಎರಡು ದಾರಿಯಿರುವಾಗ ಎಂಜಿನ್ ಬಿಚ್ಚುವ ಮೊದಲು ಎಣ್ಣೆ ಯಾವುದರಿಂದ ಬಂತೆಂದು ಬೇರ್ಪಡಿಸಿಕೊಳ್ಳಲೇಬೇಕು.

ಅದಕ್ಕೆ ಖರ್ಚಿಲ್ಲದ ಪರೀಕ್ಷೆ ಹೋಸ್ ಕ್ಲ್ಯಾಂಪ್. ಎಂಜಿನ್ ಒಳಗಿನ ಎಣ್ಣೆ ಪೂರ್ತಿ ಹೊರಹಾಕಿ, ಟ್ಯಾಂಕಿನ ಮೇಲೆ ಎಣ್ಣೆಯ ಮಟ್ಟಕ್ಕೆ ಸರಿಯಾಗಿ ಟೇಪ್ ಅಂಟಿಸಿ, ದಪ್ಪ ಹೋಸುಗಳೆರಡನ್ನೂ ಒತ್ತಿ ಬಿಡುವುದು, ಸಣ್ಣದನ್ನು ತೆರೆದೇ ಇಡುವುದು. ಸೋರಿಕೆಯ ವೇಗ ನೋಡಿ ಮೂರು ದಿನವೋ ಒಂದು ವಾರವೋ ಕಾಯಬೇಕು. ಮಟ್ಟ ಅಲ್ಲೇ ನಿಂತರೆ ಸೋರಿಕೆ ಗೂಡಿನದು. ಕ್ಲ್ಯಾಂಪ್ ಇದ್ದೂ ಇಳಿದರೆ ಸಣ್ಣ ಹೋಸಿನ, ಅಂದರೆ ಇಂಜೆಕ್ಷನ್ ಕಡೆಯ ಒನ್-ವೇ ವಾಲ್ವ್ ಹಿಡಿಯುತ್ತಿಲ್ಲ, ಎಂಜಿನ್ ಬಿಚ್ಚುವ ಅಗತ್ಯವೇ ಇಲ್ಲ.

ಗೂಡಿನದೇ ಎಂದಾದರೆ ಲೀಕ್ ಟೆಸ್ಟ್. ಇನ್‌ಟೇಕ್, ಎಗ್ಸಾಸ್ಟ್ ಮುಖಗಳಿಗೆ ಪ್ಲೇಟ್ ಬಿಗಿದು, ಪಲ್ಸ್ ಹೋಸಿನ (ಕ್ರ್ಯಾಂಕ್‌ಕೇಸಿನ ಒತ್ತಡವನ್ನು ಪೆಟ್ರೋಲ್ ಪಂಪಿಗೆ ಒಯ್ಯುವ ಹೋಸಿನ) ಬಾಯಿಯಿಂದ ಕೈಪಂಪಿನಲ್ಲಿ 5 ಪಿಎಸ್‌ಐ ಗಾಳಿ, ಅಂದರೆ 34 ಕಿಲೋಪಾಸ್ಕಲ್. ಅದಕ್ಕಿಂತ ಹೆಚ್ಚು ಬೇಡ. ಮೂರು ನಿಮಿಷ ಮುಳ್ಳು ಕದಲಬಾರದು. ಬಿದ್ದರೆ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ, ಗೂಡಿನ ಒಂದು ಹೋಸ್ ಬಿಚ್ಚಿ ಅದರ ಬಾಯಿ ನೋಡಿ. ಅಲ್ಲಿ ಎಣ್ಣೆ ಮೆಲ್ಲಗೆ ಉಬ್ಬಿ, ಒಂದೊಂದೇ ಗುಳ್ಳೆ ಎದ್ದು ಒಡೆಯುತ್ತಿದ್ದರೆ ಒಳಗಿನ ಸೀಲ್ ಹೋಗಿದೆ. ಆದರೂ ಕ್ರ್ಯಾಂಕಿಗೆ ಕೈಹಾಕುವ ಮೊದಲು ರೋಟರಿ ಕವರ್ ತೆಗೆದು ನೋಡುವುದು ನ್ಯಾಯ: ಡಿಸ್ಕಿನ ನಡುವೆ, ಶಾಫ್ಟಿನ ಸುತ್ತ ಎಣ್ಣೆ ಒಸರುತ್ತಿದ್ದರೆ ಅದು ಶಾಫ್ಟ್ ಸೀಲಿನ ತಪ್ಪು. ಡಿಸ್ಕ್ ಎತ್ತುವ ಮುಂಚೆ ಗುರುತು ಹಾಕಿ, ಒಂದು ಹಲ್ಲು ತಪ್ಪಿದರೂ ಟೈಮಿಂಗ್ ಕೆಡುತ್ತದೆ. ಕ್ರ್ಯಾಂಕಿನ ಒಳಸೀಲ್ ಮಾತ್ರ ಹೊರಗಿಂದ ಬದಲಿಸುವ ವಸ್ತುವಲ್ಲ. ಕೇಸ್ ಬಿಚ್ಚಿ, ಕ್ರ್ಯಾಂಕನ್ನು ಪ್ರೆಸ್ಸಿಗೆ ಕೊಡಬೇಕು ಅಥವಾ ರೀಬಿಲ್ಡ್ ಆದದ್ದನ್ನೇ ತರಬೇಕು.

ಚಳಿಗಾಲವೆಲ್ಲ ಕಳೆದರೂ ಒಂದೆರಡು ಚಮಚ ಇಳಿಯುವ ಸೋರಿಕೆಗೆ ಅಷ್ಟು ಖರ್ಚು ಬೇಡ ಎಂದೇ ನನ್ನ ಅಭಿಪ್ರಾಯ. ಎತ್ತಿಡುವಾಗ ದಪ್ಪ ಹೋಸುಗಳಿಗೆ ಕ್ಲ್ಯಾಂಪ್ ಹಾಕಿದರೆ ಸಾಕು. ಆದರೆ ಕ್ಲ್ಯಾಂಪ್ ತೆಗೆಯದೆ ಓಡಿಸಿದರೆ ಗೂಡಿನ ಹಿತ್ತಾಳೆ ಗೇರಿಗೆ ಎಣ್ಣೆ ಇಲ್ಲದೆ ಹಲ್ಲು ಸವೆದುಹೋಗುತ್ತದೆ. ಲ್ಯಾನ್ಯಾರ್ಡ್ ಕೀಯನ್ನು, ಅಂದರೆ ಸಿಕ್ಕಿಸದೆ ಎಂಜಿನ್ ಸ್ಟಾರ್ಟ್ ಆಗದ ದಾರದ ಕೀಯನ್ನು, ಕ್ಲ್ಯಾಂಪಿಗೇ ಕಟ್ಟಿಡಿ. ಒಂದನ್ನು ತೆಗೆಯದೆ ಇನ್ನೊಂದು ಕೈಗೆ ಸಿಗಬಾರದು. ಸಣ್ಣ ಹೋಸ್ ಬಿಚ್ಚಿದ್ದರೆ ಪಂಪಿನ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಬಿಟ್ಟು, ಆಮೇಲೆ ಬಿಗಿಯಿರಿ.