ಡಿಲೇ ಅಂತ ಒಂದು ಲೈನ್ ಬರೆದ್ರೆ ಸಾಲ್ದಾ?

ಕೊಪ್ಪಳದಲ್ಲಿ ಪ್ರಾಜೆಕ್ಟ್ ಮಾಡಲು ನನ್ನ ಹತ್ತಿರ ಬರುವ ಡಿಪ್ಲೊಮಾ ಹುಡುಗರೆಲ್ಲ ಕೇಳುವುದು ಇದನ್ನೇ: "ಸರ್, ಡಿಲೇ ಅಂತ ಒಂದು ಲೈನ್ ಬರದ್ರ ಮುಗೀತಲ್ಲರೀ, ಟೈಮರ್ ಗೀಮರ್ ಯಾಕ ಬೇಕು?"

ಡಿಲೇ ಅಂದ್ರೆ ಪ್ರೋಗ್ರಾಮಿಗೆ 'ಇಷ್ಟು ಹೊತ್ತು ಸುಮ್ಮನೆ ನಿಲ್ಲು' ಅನ್ನೋ ಆದೇಶ, ಟೈಮರ್ ಅಂದ್ರೆ ಚಿಪ್ಪಿನೊಳಗೆ ತಾನಾಗಿ ಹೊತ್ತು ಎಣಿಸುವ ಭಾಗ. ಎಲ್‌ಇಡಿ ಮಿನುಗಿಸೋಕೆ ಡಿಲೇ ಸಾಕು. ಆದರೆ ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನಂಬಿದ ಹೊಲಗಳೇ ಜಾಸ್ತಿ. ಹಾಗಾಗಿ ಹುಡುಗರು ತರುವ ಪ್ರಾಜೆಕ್ಟ್ ಮೋಟರಿನ ಆಟೋ ಸ್ಟಾರ್ಟರ್, ಅಂದ್ರೆ ಕರೆಂಟು ಬಂದಾಗ ಮೋಟರನ್ನು ತಾನೇ ಚಾಲೂ ಮಾಡುವ ಬೋರ್ಡು. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಸುತ್ತಲಿನ ಮೋಟರೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ಸ್ವಲ್ಪ ಕಾಯಬೇಕು. ಹುಡುಗರು ಆರ್ಡುಯಿನೊ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡಿನಲ್ಲಿ 30000 (ಮಿಲಿಸೆಕೆಂಡ್) ಅಂತ ಡಿಲೇ ಹಾಕಿಬಿಡುತ್ತಾರೆ.

ಆ 30 ಸೆಕೆಂಡ್ ಪ್ರೋಗ್ರಾಂ ಅದೇ ಲೈನಿನಲ್ಲಿ ನಿಂತಿರುತ್ತದೆ. ಕಣ್ಣು ಮುಚ್ಚಿ ಎಣಿಸ್ತಾ ಕೂತ ಕಾವಲುಗಾರ ಇದ್ದಂಗೆ. ನಡುವೆ ಒಂದು ಫೇಸ್ ಹೋದರೂ ಗೊತ್ತಾಗುವುದಿಲ್ಲ, ರೈತ ಸ್ಟಾಪ್ ಬಟನ್ ಒತ್ತಿದರೂ ಕೇಳುವುದಿಲ್ಲ. ಎಣಿಕೆ ಮುಗಿದದ್ದೇ ರಿಲೇ (ಬೋರ್ಡು ಹೇಳಿದಂತೆ ಕೂಡುವ ಸ್ವಿಚ್ಚು) ಎಳೆಯುತ್ತದೆ, ಮೋಟರ್ ಚಾಲೂ ಆಗೋದು ಎರಡೇ ಫೇಸಿನ ಮೇಲೆ. ವೈಂಡಿಂಗ್ ಸುಟ್ಟರೆ ರಿವೈಂಡಿಂಗ್ ದುಡ್ಡು ಒಂದು, ಪೈಪು ಸಮೇತ ಮೋಟರ್ ಮೇಲೆತ್ತಿಸುವ ಖರ್ಚು ಬೇರೆ.

ಅದಕ್ಕೇ ಹೇಳೋದು, ಕರೆಂಟು ಬಂದಾಗ ಮಿಲ್ಲಿಸ್ (ಬೋರ್ಡು ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಆರ್ಡುಯಿನೊ ಹೇಳುವ ಎಣಿಕೆ) ಎಷ್ಟಿತ್ತೋ ಬರೆದಿಟ್ಟುಕೊಳ್ಳಿ. ಲೂಪಿನ ಪ್ರತಿ ಸುತ್ತಿನಲ್ಲೂ ಈಗಿನ ಮಿಲ್ಲಿಸ್‌ನಿಂದ ಅದನ್ನು ಕಳೆಯಿರಿ. 30000 ಆಗಿಲ್ವಾ? ಫೇಸ್ ನೋಡಿ, ಬಟನ್ ನೋಡಿ, ಮತ್ತೆ ಬನ್ನಿ. ಫೇಸ್ ಹೋದರೆ ಎಣಿಕೆ ಮೊದಲಿಂದ. ಕಳೆಯಲೇಬೇಕು, ಶುರುವಿನ ಹೊತ್ತಿಗೆ 30000 ಕೂಡಿಸಿ ಹೋಲಿಸಬೇಡಿ. ಮಿಲ್ಲಿಸ್ 32 ಬಿಟ್ಟಿನದು, ಸುಮಾರು 49.7 ದಿನಕ್ಕೆ ಸೊನ್ನೆಗೆ ಮರಳುತ್ತದೆ. ಬರೆದಿಟ್ಟ ಸಂಖ್ಯೆ ಅನ್‌ಸೈನ್ಡ್ ಲಾಂಗ್ (ಮೈನಸ್ ಇಲ್ಲದ 32 ಬಿಟ್ ಸಂಖ್ಯೆ) ಆಗಿದ್ದರೆ ಕಳೆಯುವ ಲೆಕ್ಕ ಆಗಲೂ ಸರಿ ಬರುತ್ತದೆ. ನಮ್ಮ ಕಡೆ ಅಷ್ಟು ದಿನ ಕರೆಂಟು ಹೋಗದೇ ಇರುತ್ತಾ ಅಂತ ನಗಬೇಡಿ, ಬ್ಯಾಟರಿ ಹಾಕಿದ ಬೋರ್ಡಿಗೆ ಅದು ಲೆಕ್ಕಕ್ಕಿಲ್ಲ.

ಲ್ಯಾಬಿನಲ್ಲಿ 8051 ಅನ್ನೋ ಹಳೇ ಕಂಟ್ರೋಲರ್ ಚಿಪ್ ಇದ್ದವರಿಗೂ ದಾರಿ ಇದೇ. ಚಿಪ್ಪಿಗೆ ತಾಳ ಕೊಡುವ ಕ್ರಿಸ್ಟಲ್ 12 ಮೆಗಾಹರ್ಟ್ಸ್‌ನದಾಗಿದ್ದರೆ ಟೈಮರ್ ಮೈಕ್ರೋಸೆಕೆಂಡಿಗೆ ಒಂದರಂತೆ ಎಣಿಸಿ 65,536ಕ್ಕೆ ತುಂಬುತ್ತದೆ. 15,536ರಿಂದ ಶುರು ಮಾಡಿದರೆ 50 ಮಿಲಿಸೆಕೆಂಡಿಗೆ ಇಂಟರಪ್ಟ್, ಅಂದ್ರೆ 'ಹೊತ್ತಾಯ್ತು' ಅಂತ ಪ್ರೋಗ್ರಾಮನ್ನು ಕರೆಯುವ ಸೂಚನೆ. ಅಂಥ 20 ಬಂದರೆ ಒಂದು ಸೆಕೆಂಡ್. ಮೊದಲು ಕ್ರಿಸ್ಟಲ್ ಮೇಲಿನ ನಂಬರ್ ಓದಿ. 11.0592 ಅಂತಿದ್ದರೆ ಶುರುವಿನ ಸಂಖ್ಯೆ 19,456. ಸುಮ್ನೆ ಖಾಲಿ ಫಾರ್ ಲೂಪ್ ಬರೆದು ಹೊತ್ತು ಕಳೆಯೋದಂತೂ ಬೇಡ. ಕೆಲಸವಿಲ್ಲದ ಲೂಪ್ ಅಂತ ಕಂಪೈಲರ್ (ನಿಮ್ಮ ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಅದನ್ನು ಕಿತ್ತೇ ಹಾಕಬಹುದು.

ಎಲ್‌ಸಿಡಿ ಅಳಿಸಿದ ಮೇಲೆ 2 ಮಿಲಿಸೆಕೆಂಡ್ ಡಿಲೇ ಹಾಕ್ತೀರಾ? ಹಾಕಿ, ಅಷ್ಟು ಸಣ್ಣ ಹೊತ್ತಿಗೆ ನಾನೇನೂ ಅನ್ನಲ್ಲ.