ಹಿಂದಿನವರು ನೂರು ವರ್ಷ ಬದುಕುತ್ತಿದ್ದರಂತೆ, ಹೌದಾ?

ಆರೋಗ್ಯ ಇಲಾಖೆಯಲ್ಲಿ ಇದ್ದವನು ಅಂತ ಗೊತ್ತಾದರೆ ಸಾಕು, ತೀರ್ಥಹಳ್ಳಿ ಕಡೆಯ ಯಾವ ಮದುವೆಮನೆಯಲ್ಲಾದರೂ ಊಟ ಮುಗಿದು ಕವಳ ಹಾಕುವಾಗ ಈ ಮಾತು ಬಂದೇ ಬರುತ್ತದೆ: "ಹಿಂದಿನವರು ನೂರು ವರ್ಷ ಗಟ್ಟಿಯಾಗಿ ಇರ್ತಿದ್ರು. ಈಗ ನಲವತ್ತಕ್ಕೇ ಶುಗರ್ರು, ಬೀಪಿ. ಆಯಸ್ಸು ಜಾಸ್ತಿ ಆಗಿದೆ ಅಂತೀರಲ್ಲ, ಎಲ್ಲಿ ಮಾರಾಯ್ರೆ?"

ನಾನು ನಮ್ಮ ಅಜ್ಜಿಯ ಲೆಕ್ಕ ಹೇಳುತ್ತೇನೆ. ಅವಳು 91 ವರ್ಷ ಇದ್ದಳು. ಹೆತ್ತದ್ದು ಒಂಬತ್ತು, ಉಳಿದದ್ದು ನಾಲ್ಕು. ಐದು ಮಕ್ಕಳು ಎರಡು ವರ್ಷ ತುಂಬುವ ಮೊದಲೇ ಹೋದವು. ಒಂದಕ್ಕೆ ಹೆಸರೂ ಇಟ್ಟಿರಲಿಲ್ಲ. ಉಳಿದ ನಾಲ್ವರು ಎಂಬತ್ತರ ಆಸುಪಾಸು ಮುಟ್ಟಿದರು. ಒಂಬತ್ತೂ ಜನರ ವಯಸ್ಸು ಕೂಡಿಸಿ ಭಾಗಿಸಿ ನೋಡಿ, ಸುಮಾರು 36 ಬರುತ್ತದೆ!

ಸ್ವಾತಂತ್ರ್ಯ ಬಂದಾಗ ದೇಶದ ಸರಾಸರಿ ಆಯಸ್ಸು 32ರ ಹತ್ತಿರ ಇದ್ದದ್ದು ಹೀಗೆ. ತೊಟ್ಟಿಲಲ್ಲೇ ಹೋದವರು ಲೆಕ್ಕವನ್ನು ಕೆಳಗೆ ಎಳೆದರು. ನಮಗೆ ನೆನಪಿರುವುದು ಉಳಿದುಕೊಂಡ ಗಟ್ಟಿ ಮುದುಕರು ಮಾತ್ರ.

ಮಲೆನಾಡಲ್ಲಂತೂ ಚಳಿಜ್ವರ ಮನೆಮನೆಗೂ ಇತ್ತು. ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ, ಅಂದರೆ ಜ್ವರಕ್ಕೆ ಊದಿಕೊಂಡ ಗುಲ್ಮ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಸೊಳ್ಳೆ ಸಾಯಲು ಗೋಡೆಗೆ ಡಿಡಿಟಿ ಹೊಡೆಯುವವರು ಬಂದರು. ಆಮೇಲೆ ಲಸಿಕೆ, ಭೇದಿಯಾದಾಗ ಕುಡಿಸುವ ಓಆರ್‌ಎಸ್, ಆಸ್ಪತ್ರೆ ಹೆರಿಗೆ. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ಕ್ಕೆ ಅದು 28.

ಹಾಗಂತ ಕೇಳುವವರ ಮಾತನ್ನು ಸುಮ್ನೆ ತಳ್ಳಿಹಾಕಲು ಆಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಲೆಕ್ಕ ಇಡುತ್ತದೆ, ಆರೋಗ್ಯವಾಗಿ ಬದುಕುವ ವರ್ಷಗಳದ್ದು. 2019ರಲ್ಲಿ ಭಾರತದವರ ಒಟ್ಟು ಆಯಸ್ಸು ಸುಮಾರು 70, ಆರೋಗ್ಯದ ವರ್ಷಗಳು ಸುಮಾರು 60. ಉಳಿದ ಹತ್ತು ಕಾಯಿಲೆಯ ಪಾಲು. ಮದುವೆಮನೆಯಲ್ಲಿ ಕೇಳುವವರು ಕಣ್ಣಾರೆ ನೋಡುತ್ತಿರುವುದು ಆ ಹತ್ತನ್ನೇ ಅಲ್ವಾ?

ಅಜ್ಜಿಯ ಆ ನಾಲ್ವರಲ್ಲಿ ನನ್ನ ಅಮ್ಮ ಒಬ್ಬಳು. ಈಗ 82. ಮನೆಗೂ ತೋಟಕ್ಕೂ ನಡುವೆ ಒಂದು ಹಳ್ಳ, ಅದನ್ನು ದಾಟಲು ಒಂದು ಅಡಿಕೆಮರದ ಸಂಕ, ಅಂದರೆ ಕಾಲುಸೇತುವೆ. ಮೊಣಕಾಲು ಕೈಕೊಟ್ಟ ಮೇಲೆ ಅವಳು ಅದನ್ನು ದಾಟಿಲ್ಲ, ಐದು ವರ್ಷವಾಯಿತು. ಮಳೆಗಾಲದಲ್ಲಿ ದಿನಾ ಜಗಲಿಯಿಂದಲೇ ಕೇಳುತ್ತಾಳೆ, "ಮೇಲಿನ ತೋಟಕ್ಕೆ ಕೊಳೆರೋಗ ಬಂತೇನೋ?" ನಾನು ಮೊಬೈಲಲ್ಲಿ ಫೋಟೋ ತೆಗೆದು ತಂದು ತೋರಿಸುತ್ತೇನೆ. ಕನ್ನಡಕ ಏರಿಸಿ ನೋಡಿ, "ಇದ್ರಲ್ಲಿ ಎಂತ ಗೊತ್ತಾಗುತ್ತೆ" ಅಂತ ವಾಪಸ್ ಕೊಡುತ್ತಾಳೆ.