ಶುಕ್ರವಾರದ ಸೀರೆ

ಗುರುವಾರ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಎಥ್ನಿಕ್ ಡೇ ಇತ್ತು. ನಾನು ಅಜ್ಜಿಯ ಇಳಕಲ್ ಸೀರೆ ಉಟ್ಟಿದ್ದೆ. ಗಿಳಿ ಹಸಿರು ಒಡಲು, ಬಿಳಿ ಪಟ್ಟೆಯ ಕೆಂಪು ಸೆರಗು, ಒಡಲ ತುಂಬ ಅಜ್ಜಿ ತಾನೇ ಎಳೆ ಎಣಿಸಿ ಹಾಕಿದ ಕಸೂತಿ. ಗೋಪುರ, ತೇರು, ಒಂದು ಅಂಬಾರಿ ಆನೆ. ಆನೆಗೆ ಸೊಂಡಿಲು ಸ್ವಲ್ಪ ಗಿಡ್ಡ.

ಮಂಗಳೂರಿನ ಗೆಳತಿ ಸೆರಗು ಕೈಗೆ ತಗೊಂಡು ಹೊಲಿಗೆ ಹುಡುಕಿದಳು. ಒಡಲು ಹತ್ತಿ, ಸೆರಗು ರೇಷ್ಮೆ, ಅಂದ್ಮೇಲೆ ಎಲ್ಲೋ ಒಂದು ಕಡೆ ಹೊಲಿದಿರಬೇಕು ಅಲ್ವಾ? ಹೊಲಿಗೆ ಇಲ್ಲ. ಮಗ್ಗದ ಮೇಲೇ ಹತ್ತಿಯ ಹಾಸಿನ ಎಳೆಗೆ ರೇಷ್ಮೆಯ ಎಳೆಯನ್ನು ಕೊಂಡಿ ಹಾಕಿ ನೇಯುತ್ತಾರೆ. ಅವಳು ಉಗುರಿನಿಂದ ಆ ಗೆರೆಯನ್ನು ಎರಡು ಸಲ ಸವರಿ ನೋಡಿದಳು.

ಹುಡುಗರು ಹುಬ್ಬಳ್ಳಿಯಿಂದ ಬಾಡಿಗೆಗೆ ಮೈಸೂರು ಪೇಟ ತಂದಿದ್ದರು, ಜೊತೆಗೆ ವೆಲ್ಕ್ರೋ ಪಂಚೆ. ನಮ್ಮ ಕಡೆ ಅಜ್ಜಂದಿರು ಸುತ್ತೋದು ರುಮಾಲು. ಪೇಟ ನೋಡಿದ್ದು ಸನ್ಮಾನದ ಸ್ಟೇಜಿನ ಮೇಲೆ ಮಾತ್ರ. ಹಾವೇರಿ ಕಡೆಯವನೊಬ್ಬ ಅಪ್ಪನ ದೋತ್ರ ಉಟ್ಟು ಬಂದಿದ್ದ. ಅವನಿಗೆ ಬಹುಮಾನ ಬರಲಿಲ್ಲ.

ಇಷ್ಟೇ ಆಗಿದ್ದರೆ ಬರೆಯುವಂಥದ್ದು ಏನೂ ಇರಲಿಲ್ಲ. ಆದರೆ ಅದು ಜುಲೈ. ಜಿಟಿಜಿಟಿ ಮಳೆಗೆ ಪಿಜಿಯಲ್ಲಿ ಒಂದು ಕುರ್ತಾನೂ ಒಣಗಿರಲಿಲ್ಲ. ಶುಕ್ರವಾರ ಬೆಳಗ್ಗೆ ಕುರ್ಚಿ ಮೇಲೆ ಒಣಗಿ ಕೂತಿದ್ದು ಅದೇ ಸೀರೆ. ಉಟ್ಟು ಹೊರಟೆ.

'ಬರ್ತ್‌ಡೇನಾ?' 'ಸಂಜೆ ಫಂಕ್ಷನ್ ಇದೆಯಾ?' 'ನೋಡೋಕೆ ಬರ್ತಿದಾರಾ?' ಹಿಂದಿನ ದಿನ ಫೋಟೋಗೆ ಕ್ಯೂ ನಿಂತವರೇ ಕೇಳಿದ್ದು. ಹನ್ನೊಂದು ಜನ. ಲೆಕ್ಕ ಇಟ್ಟಿದ್ದೆ. ಮೊದಲ ಐದು ಜನರಿಗೆ ಬಟ್ಟೆ ಒಣಗಿಲ್ಲ ಅಂದೆ. ಆಮೇಲೆ ಸಾಕಾಗಿ, ಹೌದು, ಬರ್ತ್‌ಡೇ ಅಂದೆ. ಇಬ್ಬರು ಪೇಡೆ ಕೇಳಿದರು, ಕೊಡಿಸಿದೆ. ಸುಮ್ನೆ ನೂರಿಪ್ಪತ್ತು ರೂಪಾಯಿ ಹೋಯಿತು.

ನಿಜ ಹೇಳಬೇಕೆಂದರೆ, ಬೇರೆ ಯಾರಾದರೂ ಹಾಗೆ ಬಂದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಜೀನ್ಸ್ ಹಾಕಿದವರನ್ನು ಯಾಕೆ ಅಂತ ಯಾರೂ ಕೇಳುವುದಿಲ್ಲ.

ಸಂಜೆ ಧಾರವಾಡದಿಂದ ಹುಬ್ಬಳ್ಳಿಗೆ ವಾಪಸಾಗುವಾಗ, ಈ ಎರಡೂ ಊರಿನ ನಡುವೆ ಓಡಾಡುವ ಚಿಗರಿ ಬಸ್ಸಿನಲ್ಲಿ ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟರು. ಅವರದೂ ಇಳಕಲ್ಲೇ, ತಲೆ ಮೇಲೆ ಸೆರಗು, ಮಡಿಲಲ್ಲಿ ಕೊತ್ತಂಬರಿ ಚೀಲ. ನವಲೂರು ದಾಟುವವರೆಗೂ ಮಾತಿಲ್ಲ. ಆಮೇಲೆ ನನ್ನ ಭುಜ ನೋಡಿದರು.

'ರೇಷ್ಮಿಗೆ ಯಾಕ ಪಿನ್ನ ಚುಚ್ಚೀಯವಾ? ಹರಿತೈತಿ.'

'ಇಲ್ಲಾಂದ್ರೆ ಜಾರತದ ಅಜ್ಜಿ.'

'ಜಾರಿದ್ರ ಮತ್ತ ಹೊದ್ಕೊ. ಕೈ ಅದಾವಲ್ಲ.'

ಯಾಕೆ ಉಟ್ಟೆ ಅಂತ ಅವರು ಕೇಳಲೇ ಇಲ್ಲ. ಪಿನ್ನು ತೆಗೆದು ಪರ್ಸಿಗೆ ಹಾಕಿದೆ. ಇಳಿಯುವಷ್ಟರಲ್ಲಿ ಸೆರಗು ಮೂರು ಸಲ ಜಾರಿತು.

ರೂಮಿಗೆ ಬಂದು ಸೆರಗನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಕೆಂಪಿನಲ್ಲಿ ಸಣ್ಣ ಸಣ್ಣ ಆರು ತೂತು. ನಾಲ್ಕು ಗುರುವಾರದ್ದು, ಎರಡು ಅವತ್ತಿನದು.